ಒಂದೂ ಹೂವು ತಪ್ಪಲಿಲ್ಲ

ಮಾಸೂರಿನ ಪರಮೇಶಿ ಹೋದ ವರ್ಷ ಅತ್ತೆಯನ್ನು ಕರೆತರಲೆಂದು ಹಿರೇಕೆರೂರು ಬಸ್‌ಸ್ಟ್ಯಾಂಡಿಗೆ ಹೋಗಿದ್ದ. ತಿರುಗಿ ಬಂದಾಗ ಬೈಕಿನ ಹಿಂದೆ ಒಂದು ದೊಡ್ಡ ಕುಂಬಳಕಾಯಿ ಇತ್ತು, ಅತ್ತೆ ಇರಲಿಲ್ಲ. "ಭಾಳ ಸೋವಿ ಸಿಕ್ತು" ಎಂದು ಕಾಯಿ ಇಳಿಸುತ್ತಿದ್ದವನನ್ನು ಹೆಂಡತಿ ಶಾರವ್ವ "ನಮ್ಮವ್ವ ಎಲ್ಲಿ?" ಎಂದು ಕೇಳಿದಳು. "ಯಾರವ್ವ?" ಎಂದ ಪರಮೇಶಿ. ಅವತ್ತಿನಿಂದ ಊರು ಅವನಿಗೆ ಪಾತರಗಿತ್ತಿ ಎಂದು ಹೆಸರಿಟ್ಟಿತು. ಒಂದು ಹೂವಿನ ಮೇಲೆ ಸರಿಯಾಗಿ ಕೂರುವುದರೊಳಗೆ ಇನ್ನೊಂದಕ್ಕೆ ಹಾರುವ ಗಿರಾಕಿ.

ಆ ಹೆಸರು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಕೊರೆಯುವುದಕ್ಕೆ ಕಾರಣವೂ ಇತ್ತು. ಅವನಪ್ಪ ಬೀರಪ್ಪ ಮದಗದ ಕೆರೆಯ ನೀರಗಂಟಿ. ತೂಬು ಎತ್ತಿ ಗದ್ದೆಗೆ ನೀರು ಬಿಟ್ಟು ಕೂತರೆ ಕೊನೆಯ ಮಡಿ ತುಂಬುವ ತನಕ ರೆಪ್ಪೆ ಬಡಿಯುತ್ತಿರಲಿಲ್ಲ ಎನ್ನುವ ಮಾತು ಇವತ್ತಿಗೂ ಊರಲ್ಲಿದೆ. ಅಂಥವನ ಮಗನಾಗಿ ಹುಟ್ಟಿ, ಮೀಸೆಯನ್ನೂ ಅಪ್ಪನ ಅಳತೆಗೇ ಬೆಳೆಸಿ, ಪಾತರಗಿತ್ತಿ ಎನಿಸಿಕೊಳ್ಳುವುದೆಂದರೆ ಯಾವ ಗಂಡಸಿಗೆ ಸಹ್ಯವಾಗುತ್ತದೆ?

ಶಾರವ್ವನ ಕತೆಯೇ ಬೇರೆ. ಅವರ ಹೊಲದಲ್ಲಿ ಕಂಪನಿಯವರ ಹತ್ತಿ ಬೀಜದ ಪ್ಲಾಟು ಇತ್ತು. ಕ್ರಾಸಿಂಗ್ ಎನ್ನುವ ಈ ಕೆಲಸ ಕಾಣದವರಿಗೆ ಎರಡು ಮಾತು ಹೇಳಬೇಕು. ಸಂಜೆ ಹೊತ್ತು ಮೊಗ್ಗನ್ನು ಸುಲಿದು, ಒಳಗಿನ ಪರಾಗವನ್ನೆಲ್ಲ ಉಗುರಿನಿಂದ ಕೆತ್ತಿ ತೆಗೆದು, ಮೇಲೊಂದು ಕೆಂಪು ಹಾಳೆಯ ಟೊಪ್ಪಿಗೆ ಹಾಕುತ್ತಾರೆ. ಮರುದಿನ ಬೆಳಿಗ್ಗೆ ಟೊಪ್ಪಿಗೆ ತೆಗೆದು, ಗಂಡು ಹೂವು ತಂದು ಅದಕ್ಕೆ ಸವರಿ, ದೇಟಿಗೆ ಬಿಳಿ ದಾರ ಕಟ್ಟುತ್ತಾರೆ. ಇದು ಮಧ್ಯಾಹ್ನ ಹನ್ನೆರಡರೊಳಗೆ ಆಗಬೇಕು. ಬಿಸಿಲೇರಿತೋ, ಹೂವು ಒಣಗಿ ಉದುರುತ್ತದೆ. ಆ ದಿನದ ಕಾಯಿ ಹೋಯಿತು, ಹಿಂದಿನ ಸಂಜೆಯ ದುಡಿತವೂ ಹೋಯಿತು.

ಶಾರವ್ವ ಇದನ್ನು ಮಾಡುತ್ತಲೇ ಪಕ್ಕದ ಸಾಲಿನವಳ ಸೊಸೆಯ ವಿಚಾರ ಕೇಳುತ್ತಿದ್ದಳು, ದೂರದ ಬದುವಿನ ಮೇಲೆ ಬಂದ ಆಡನ್ನು ಗದರುತ್ತಿದ್ದಳು, ಶಾಲೆಯ ಗಂಟೆ ಕೇಳಿ ಹೊತ್ತು ಹೇಳುತ್ತಿದ್ದಳು. ಇಷ್ಟರ ನಡುವೆ ಕೈ ಒಂದು ಹೂವನ್ನೂ ಬಿಡುತ್ತಿರಲಿಲ್ಲ. ಪರಮೇಶಿಗೆ ಇದು ಬಗೆಹರಿಯದ ಒಗಟು.

"ನಿನ್ನ ತಲ್ಯಾಗ ಎಷ್ಟ್ ಮಂದಿ ಅದಾರ ಶಾರವ್ವ?" ಎಂದು ಒಮ್ಮೆ ಕೇಳಿಯೂಬಿಟ್ಟಿದ್ದ.

"ನಾ ಒಬ್ಬಾಕೆನ ಅದೇನ್ರಿ. ನಿಮ್ಮ ತಲ್ಯಾಗ ಯಾರರ ಅದಾರೇನು, ಅಷ್ಟ್ ನೋಡ್ಕೋರಿ" ಎಂದಿದ್ದಳು ಆಕೆ.

ಹೀಗಿರುವಾಗ ಅಕ್ಕಿಆಲೂರಿನಿಂದ ತೊಟ್ಟಿಲ ಕಾರ್ಯಕ್ಕೆ ಕರೆ ಬಂತು. ಕೂಸಿನ ತಾಯಿ ಇವರ ಓಣಿಯಲ್ಲೇ ಆಡಿ ಬೆಳೆದವಳು. ಓಣಿಯ ಹೆಂಗಸರೆಲ್ಲ ಸೇರಿ ಟೆಂಪೋ ಮಾತಾಡಿದರು. ಕೂಲಿಗೆ ಬರುವವರೂ ಅವರೇ ಆದ್ದರಿಂದ ಆ ದಿನ ಆಳು ಸಿಗುವ ಆಸೆ ಇರಲಿಲ್ಲ. ಹಿಂದಿನ ಸಂಜೆ ಶಾರವ್ವ ಐದುನೂರು ಮೊಗ್ಗು ಸುಲಿದು ಬಂದು ಕೂತು, "ನಾ ಹೋಗೂದಿಲ್ಲ ಬಿಡ್ರಿ" ಎಂದಳು.

"ಯಾಕ? ನಾ ಇಲ್ಲೇನು?"

ಶಾರವ್ವ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು?"

"ನೀರಗಂಟಿ ಬೀರಪ್ಪನ ಮಗ ಅದೇನಿ. ನೀ ಆರಾಮ ಹೋಗಿ ಬಾ. ಒಂದು ಹೂವು ತಪ್ಪಿದ್ರ ಈ ಮೀಸಿ ಬೋಳಿಸ್ತೇನಿ."

ಆಕೆ ತನ್ನ ಕೈ ಮುಂದೆ ಚಾಚಿದಳು. ಹೆಬ್ಬೆರಳಿನ ಉಗುರು ಸೊನೆ ಹತ್ತಿ ಕರ್ರಗಾಗಿತ್ತು. "ನಿಮ್ಮ ಮೀಸಿ ತಗೊಂಡು ನಾ ಏನ್ ಮಾಡ್ಲಿ? ಇದನ್ನಷ್ಟ್ ನೆಪ್ಪಿನಾಗ ಇಟ್ಕೋರಿ."

ಆ ಮಾತು ಪರಮೇಶಿಯ ಎದೆಗೆ ನಾಟಿತು. ನಾಳೆ ಒಂದು ದಿನ ತಾನು ಯಾರೆಂದು ಇಡೀ ಮಾಸೂರಿಗೆ ತೋರಿಸಬೇಕು ಎಂದುಕೊಂಡು ಮಲಗಿದ.

ಬೆಳಿಗ್ಗೆ ಆರಕ್ಕೆ ಟೆಂಪೋ ಹೊರಟಿತು. ಒಂಬತ್ತಕ್ಕೆ ಪರಮೇಶಿ ಹೊಲದಲ್ಲಿದ್ದ. ಅವನ ಪ್ಲಾಟಿಗೂ ಚೌಡಪ್ಪನ ಪ್ಲಾಟಿಗೂ ನಡುವೆ ಒಂದು ಮೊಳ ಅಗಲದ ಬದು. ಬದುವಿನ ತುದಿಗೆ ಒಂದು ಬೇವಿನ ಮರ, ಮರದ ಬುಡದಲ್ಲಿ ಇಬ್ಬರ ಗಂಡು ಹೂವಿನ ಗಿಡಗಳು. ಹಂದಿ ಬೆದರಲೆಂದು ಶಾರವ್ವ ತನ್ನ ಹೊಲದ ಆಚೆ ಅಂಚಿಗೆ ಹಳೆಯ ಹಸಿರು ಸೀರೆ ಕಟ್ಟಿದ್ದಳು. ಚೌಡಪ್ಪ ಆಗಲೇ ಚಪ್ಪಲಿ ಬಿಟ್ಟು, ಬೇವಿನ ನೆರಳಲ್ಲಿ ಟವೆಲ್ ಹಾಸಿ ಒರಗಿದ್ದ. ಅವನ ಹೆಂಡತಿ ತಿಪ್ಪವ್ವನೂ ಹಿಂದಿನ ಸಂಜೆ ತಮ್ಮ ಮೊಗ್ಗು ಸುಲಿದು ಟೊಪ್ಪಿಗೆ ಹಾಕಿಟ್ಟು ಟೆಂಪೋ ಹತ್ತಿದ್ದಳು.

"ನಿನ್ನ ಹೂವು ಯಾರು ಮಾಡ್ತಾರೋ ಚೌಡ್ಯಾ?" ಎಂದ ಪರಮೇಶಿ.

"ನನ್ನ ಸೊಂಟ ಹಿಡದೈತಿ ಮಾರಾಯ. ಬಗ್ಗಾಕ ಬರವಲ್ದು. ನೀ ಮಾಡು, ನಾ ನೋಡ್ತೇನಿ."

ಪರಮೇಶಿಯೂ ಬೇವಿನ ಬುಡದಲ್ಲೇ ಚಪ್ಪಲಿ ಬಿಟ್ಟು ಮೊದಲ ಸಾಲಿಗಿಳಿದ. ಮೂರು ಹೂವಾಗುವುದರೊಳಗೆ ಮೊಬೈಲು ಟಿಂಗ್ ಎಂದಿತು. ಹಾನಗಲ್ಲಿನಲ್ಲಿ ಯಾರದೋ ಎತ್ತು ಕಳೆದಿದೆಯಂತೆ. ಎತ್ತಿನ ಫೋಟೋ ನೋಡಿದ, ಕೊಂಬು ಚೆಂದ ಅನ್ನಿಸಿತು, ಹಾಗೆಂದು ಬರೆದು ಕಳಿಸಿದ. ಮತ್ತೆ ಎರಡು ಹೂವು. ರಸ್ತೆಯಲ್ಲಿ ಹೊಸ ಟ್ರ್ಯಾಕ್ಟರ್ ಹೋಯಿತು. ಯಾರದು, ಎಷ್ಟು ಅಶ್ವಶಕ್ತಿಯದು, ಸಾಲದ್ದೋ ರೊಕ್ಕ ಕೊಟ್ಟದ್ದೋ ಎಂದು ಯೋಚಿಸುತ್ತ ಅದು ತಿರುವು ದಾಟುವ ತನಕ ನಿಂತ. ಆಮೇಲೆ ಮನೆಯ ಬಾಗಿಲಿಗೆ ಚಿಲಕ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಹುಟ್ಟಿತು. ಮುಕ್ಕಾಲು ಗಂಟೆ ಕಳೆದಾಗ ದಾರ ಕಟ್ಟಿದ ಹೂವು ಹನ್ನೆರಡು. ಅದರಲ್ಲಿ ಎರಡಕ್ಕೆ ದಾರ ಮಾತ್ರ ಕಟ್ಟಿ ಗಂಡು ಹೂವು ಸವರುವುದನ್ನೇ ಮರೆತಿದ್ದ.

"ಹಿಂಗಾದ್ರ ದಸರಾ ತನಕ ಮುಗೀತೈತಿ ತಗೊ" ಎಂದ ಚೌಡಪ್ಪ ನೆರಳಿನಿಂದ. "ಇದು ಹುಟ್ಟಿನಿಂದ ಬರಬೇಕಲೇ. ನಿಮ್ಮಪ್ಪನ ಗುಣ ನಿನಗ ಹತ್ತಲಿಲ್ಲ. ಕ್ರಾಸಿಂಗ್ ಸರಿ ಹಿಡೀಲಿಲ್ಲ."

ಪರಮೇಶಿಗೆ ಅಳು ಬರುವಂತಾಯಿತು. ಕರ್ರಗಾದ ಆ ಉಗುರು ಕಣ್ಣ ಮುಂದೆ ಬಂತು. ಆ ಹೊತ್ತಿಗೆ ಸರಿಯಾಗಿ ಬದುವಿನ ಮೇಲೆ ಹುಸೇನಸಾಬ ಬಂದರು. ಹಿರೇಕೆರೂರಿನಲ್ಲಿ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ ಈಗ ಊರಲ್ಲಿ ಆರಾಮಾಗಿರುವ ಹಿರಿಯರು. ದಿನಾ ಬೆಳಿಗ್ಗೆ ಕೆರೆ ಏರಿ ತನಕ ತಿರುಗಾಡಿ, ದಾರಿಯಲ್ಲಿ ಸಿಕ್ಕವರಿಗೆಲ್ಲ ಬುದ್ಧಿ ಹೇಳಿ ಹೋಗುವುದು ಅವರ ರೂಢಿ.

"ಚಾಚಾ, ನೀವು ಹೇಳ್ರಿ" ಎಂದ ಪರಮೇಶಿ. "ಒಬ್ಬರಿಗೆ ಮನಸು ನಿಲ್ತೈತಿ, ಒಬ್ಬರಿಗೆ ನಿಲ್ಲೂದಿಲ್ಲ. ಯಾಕ?"

ಹುಸೇನಸಾಬರು ಗಡ್ಡ ನೀವಿಕೊಂಡರು. "ನೋಡು ಬೇಟಾ, ನಾ ಕಣ್ಣಿಗೆ ಬಟ್ಟಲಗಾಜು ಹಚ್ಚಿಕೊಂಡು ಗಡಿಯಾರ ಬಿಚ್ಚಿ ಕುಂತ್ರ, ದುಕಾನಕ್ಕ ಬೆಂಕಿ ಬಿದ್ರೂ ನನಗ ತಿಳೀತಿರಲಿಲ್ಲ. ಮಂದಿ ನನ್ನ ಭಾರೀ ಮನಸಿನಾವ ಅಂತಿದ್ರು. ಖರೇ ಅಂದ್ರ, ಆ ಗಾಜಿನಾಗ ಗಡಿಯಾರ ಬಿಟ್ರ ಬ್ಯಾರೆ ಏನೂ ಕಾಣ್ತಿರಲಿಲ್ಲ. ನಿನ್ನ ಮನಸು ಚಲೋ ಐತಿ. ನಿನ್ನ ಕಣ್ಣಿಗೆ ಭಾಳ ಕಾಣ್ತೈತಿ, ಕಿವಿಗೆ ಭಾಳ ಕೇಳ್ತೈತಿ. ಅಷ್ಟ ನಿನ್ನ ರೋಗ."

ಇಷ್ಟು ವರ್ಷ ಯಾರೂ ಪರಮೇಶಿಗೆ ನಿನ್ನ ಮನಸ್ಸು ಚೆನ್ನಾಗಿದೆ ಎಂದಿರಲಿಲ್ಲ. ಅವನ ಮುಖ ಅರಳಿತು. ತಕ್ಷಣ ಹೆಗಲ ಟವೆಲ್ ತೆಗೆದು ತಲೆಯ ಮೇಲೆ ಹೊದ್ದು, ಎರಡೂ ಕಡೆ ಮುಂದಕ್ಕೆಳೆದು, ಗದ್ದದ ಕೆಳಗೆ ಪಿನ್ ಚುಚ್ಚಿದ. ಈಗ ಅವನಿಗೆ ಕಾಣುತ್ತಿದ್ದ ಜಗತ್ತು ಒಂದು ಗೇಣು. ಹುಸೇನಸಾಬರು ಕಿವಿಯ ಸಂದಿಯಲ್ಲಿದ್ದ ಅತ್ತರದ ಹತ್ತಿಯನ್ನು ತೆಗೆದು ಎರಡು ಪಾಲು ಮಾಡಿ ಕೊಟ್ಟರು. ಒಂದು ಎಡಗಿವಿಗೆ, ಒಂದು ಬಲಗಿವಿಗೆ. ಎರಡನೆಯದನ್ನು ತುರುಕುವ ಮೊದಲು ಪರಮೇಶಿ ಚೌಡಪ್ಪನ ಕಡೆ ತಿರುಗಿದ.

"ತಗೊ ಈ ಮೊಬೈಲ್. ಕೊನೀ ಹೂವಿಗೆ ದಾರ ಕಟ್ಟೂ ತನಕ ಯಾರೂ ನನ್ನ ಮಾತಾಡಿಸಬಾರದು. ಹಾವು ಬಂದ್ರೂ ಸೈತ ಮಾತಾಡಿಸಬಾರದು. ಆಣಿ ಮಾಡು."

"ಹಾವು ಬಂದ್ರ ಹೇಳೂದ ಚಲೋ ಅಲ್ಲೇನಪಾ?"

"ಬ್ಯಾಡ ಅಂದೆ. ಆಣಿ ಮಾಡು."

ಚೌಡಪ್ಪ ಅಂಗೈ ಮೇಲೆ ಅಂಗೈ ಇಟ್ಟು ಆಣೆ ಮಾಡಿದ. ಪರಮೇಶಿ ಕಿವಿ ಮುಚ್ಚಿದ. ಬೇವಿನ ಬುಡಕ್ಕೆ ಹೋಗಿ, ಬಗ್ಗಿ, ಗಂಡು ಹೂವುಗಳನ್ನು ಬುಟ್ಟಿಯ ತುಂಬ ಕಿತ್ತುಕೊಂಡ. ಎದ್ದು ತಿರುಗಿದ. ಟವೆಲಿನ ಸಂದಿಯಲ್ಲಿ ಕೆಂಪು ಟೊಪ್ಪಿಗೆಯೊಂದು ಕಂಡಿತು. ಸಾಲಿಗಿಳಿದ.

ಆಮೇಲೆ ನಡೆದದ್ದು ಅವನಿಗೇ ಆಶ್ಚರ್ಯ. ಟೊಪ್ಪಿಗೆ ತೆಗೆ, ಸವರು, ದಾರ ಕಟ್ಟು. ಟೊಪ್ಪಿಗೆ ತೆಗೆ, ಸವರು, ದಾರ ಕಟ್ಟು. ಜಗತ್ತಿನಲ್ಲಿ ಟ್ರ್ಯಾಕ್ಟರ್ ಇರಲಿಲ್ಲ, ಎತ್ತು ಇರಲಿಲ್ಲ, ಚಿಲಕ ಇರಲಿಲ್ಲ. ಮೂಗಿಗೆ ಅತ್ತರದ ಪರಿಮಳ, ಕಣ್ಣಿಗೆ ಹೂವು. ಒಂದು ಸಾಲು ಮುಗಿಯಿತು, ಎರಡು ಮುಗಿಯಿತು. ಅಪ್ಪ ತೂಬಿನ ಮೇಲೆ ಕೂತಾಗ ಹೀಗೇ ಇರುತ್ತಿತ್ತೇನೋ ಅನ್ನಿಸಿತು. ಅಪ್ಪ ಸತ್ತು ಒಂಬತ್ತು ವರ್ಷದ ಮೇಲೆ ಅವತ್ತು ಮೊದಲ ಸಲ ತಾನು ಅವನ ಮಗ ಎಂದು ಪರಮೇಶಿಗೆ ಖಾತ್ರಿಯಾಯಿತು.

ನಾಲ್ಕನೇ ಸಾಲಿನಲ್ಲಿದ್ದಾಗ ಟವೆಲಿನ ಕೆಳಗೆ ಎರಡು ಚಪ್ಪಲಿ ಕಾಲು ಕಂಡವು. ಹುಸೇನಸಾಬರವು. ತಿರುಗಾಟ ಮುಗಿಸಿ ವಾಪಸು ಬಂದಿರಬೇಕು. ಕಾಲುಗಳು ಒಂದೇ ಕಡೆ ನಿಲ್ಲದೆ ಹಿಂದೆ ಮುಂದೆ ಆಡುತ್ತಿದ್ದವು. ದೂರದಲ್ಲಿ ನೊಣ ಗುಂಯ್‌ಗುಟ್ಟಿದಂತೆ ಏನೋ ಸದ್ದು. ನನ್ನನ್ನು ಪರೀಕ್ಷೆ ಮಾಡಲು ಬಂದಿದ್ದಾರೆ ಎಂದುಕೊಂಡ ಪರಮೇಶಿ ತಲೆ ಎತ್ತಲಿಲ್ಲ. ಅಷ್ಟರಲ್ಲಿ ಚೌಡಪ್ಪನ ಬರಿಗಾಲು ನಡುವೆ ನುಗ್ಗಿ ಚಪ್ಪಲಿ ಕಾಲುಗಳನ್ನು ನಯವಾಗಿ ಹಿಂದಕ್ಕೆ ನಡೆಸಿಕೊಂಡು ಹೋದವು. ಸ್ವಲ್ಪ ಹೊತ್ತಿಗೆ ಇನ್ಯಾರದೋ ಕೆಸರು ಬೂಟು ಬಂತು. ಅದನ್ನೂ ಬರಿಗಾಲು ಸಾಗಹಾಕಿತು. ಹಿಡಿದ ಸೊಂಟ ಹೊತ್ತುಕೊಂಡು ತನಗಾಗಿ ಇಷ್ಟು ಓಡಾಡುತ್ತಿದ್ದಾನಲ್ಲ ಎಂದು ಪರಮೇಶಿಗೆ ಹೃದಯ ತುಂಬಿ ಬಂತು. ಬೆಳಿಗ್ಗೆ ಅವನು ಆಡಿದ ಕುಚೋದ್ಯವನ್ನೆಲ್ಲ ಅಲ್ಲೇ ಕ್ಷಮಿಸಿಬಿಟ್ಟ. ಒಮ್ಮೆಯಂತೂ ಆ ಬರಿಗಾಲು ಹತ್ತಿರ ಬಂದು ನಿಂತಿತು, ಮೇಲಿನಿಂದ ಒಂದು ಕೈ ತಣ್ಣನೆಯ ಮಜ್ಜಿಗೆಯ ತಂಬಿಗೆಯನ್ನು ಟವೆಲಿನೊಳಗೆ ಚಾಚಿತು. ಕುಡಿದು, ತಲೆ ಎತ್ತದೆಯೇ ಮುಂದಿನ ಹೂವಿಗೆ ಕೈ ಹಾಕಿದ.

ಕೊನೆಯ ಸಾಲಿನ ಕೊನೆಯ ಗಿಡದ ಕೊನೆಯ ಹೂವಿಗೆ ದಾರ ಕಟ್ಟಿದಾಗ ಸೂರ್ಯ ನೆತ್ತಿಗೆ ಬಂದಿದ್ದ. ಪರಮೇಶಿ ಪಿನ್ ಬಿಚ್ಚಲಿಲ್ಲ. ಅವಸರವೇನು? ಹಾಗೇ ಹೊದ್ದುಕೊಂಡೇ, ಬಂದ ದಾರಿಯಲ್ಲಿ ಹಿಂದಕ್ಕೆ ಹೋಗುತ್ತ ಪ್ರತಿ ಸಾಲನ್ನೂ ಮತ್ತೊಮ್ಮೆ ನೋಡಿದ. ಎಲ್ಲಿ ನೋಡಿದರೂ ಬಿಳಿ ದಾರ. ಒಂದು ಟೊಪ್ಪಿಗೆ ಉಳಿದಿರಲಿಲ್ಲ.

ಕಿವಿಯ ಹತ್ತಿ ತೆಗೆದಾಗ ಮೊದಲು ಕೇಳಿದ್ದು ಬೈಕಿನ ಸದ್ದು. ಕಂಪನಿಯ ಸುಪರ್ವೈಸರ್ ಮುಬಶೀರ ಬಂದಿದ್ದ. ವಾರಕ್ಕೊಮ್ಮೆ ಬಂದು ಪ್ಲಾಟಿನಲ್ಲಿ ಹತ್ತಾರು ಹೂವು ತಿರುವಿ ನೋಡಿ, ತಪ್ಪು ಹುಡುಕಿ, ಮುಖ ಗಂಟಿಕ್ಕಿಕೊಂಡು ಹೋಗುವ ಹುಡುಗ. ಅವತ್ತು ಹತ್ತು ನೋಡಿದ, ಇಪ್ಪತ್ತು ನೋಡಿದ, ಮೂವತ್ತಕ್ಕೆ ನಿಲ್ಲಿಸಿದ.

"ಆರು ವರ್ಷ ಆತು ನಾ ಈ ಕೆಲಸಕ್ಕ ಬಂದು. ಇಂಥಾ ಕೈ ನೋಡಿಲ್ಲ. ಒಂದರ ತಪ್ಪಬೇಕಲ್ರಿ? ಯಾರು ಮಾಡಿದ್ದು?"

"ನಾನ ಸಾಹೇಬ್ರ" ಎಂದು ಪರಮೇಶಿ ಟವೆಲಿನೊಳಗಿನಿಂದಲೇ ಮೀಸೆ ತಿರುವಿದ. "ನೀರಗಂಟಿ ಬೀರಪ್ಪನ ಮಗ. ಬರ್ಕೋರಿ."

ಮುಬಶೀರ ಪುಸ್ತಕ ತೆಗೆದು, ಹೊಲದ ಬೋರ್ಡು ನೋಡಿ, ಬರೆಯುತ್ತ ಓದಿದ: "ಪ್ಲಾಟ್ ನಂಬರ್ ಹದಿನೇಳು. ರೈತನ ಹೆಸರು, ಚೌಡಪ್ಪ."

"ಚೌಡಪ್ಪಂದಲ್ರಿ. ನನ್ನ ಹೆಸರು ಪರಮೇಶ."

"ಬೋರ್ಡಿನ ಮ್ಯಾಲ ಚೌಡಪ್ಪ ಅಂತ ಐತಲ್ರಿ."

ಪರಮೇಶಿ ಪಿನ್ ಬಿಚ್ಚಿದ. ಟವೆಲ್ ಹೆಗಲಿಗೆ ಜಾರಿತು. ಒಂದು ಗೇಣಿದ್ದ ಜಗತ್ತು ಮತ್ತೆ ಇದ್ದಷ್ಟಕ್ಕೆ ಹಿಗ್ಗಿತು. ಬೇವಿನ ಮರ ಎಲ್ಲಿರಬೇಕಿತ್ತೋ ಅಲ್ಲಿರಲಿಲ್ಲ, ಅದರ ಎದುರು ಬದಿಗಿತ್ತು. ಬದುವಿನ ಆಚೆ ಕಡೆ, ತುದಿಯಲ್ಲಿ, ಶಾರವ್ವನ ಹಸಿರು ಸೀರೆ ಗಾಳಿಗೆ ಆಡುತ್ತಿತ್ತು. ಸೀರೆಯ ಈಚೆ, ಬೆಳಗಿನ ಆ ಹನ್ನೆರಡು ಬಿಟ್ಟು, ಸಾಲುಸಾಲಾಗಿ ಕೆಂಪು ಟೊಪ್ಪಿಗೆಗಳು, ಹಾಕಿದ್ದು ಹಾಕಿದ ಹಾಗೇ ನಿಂತಿದ್ದವು. ಓಡಿಹೋಗಿ ಒಂದನ್ನು ತೆಗೆದು ನೋಡಿದ. ಒಳಗಿನ ಹೂವು ಆಗಲೇ ಬಾಡಿ ಬಣ್ಣ ತಿರುಗಿತ್ತು.

ತೆಗೆದ ಟೊಪ್ಪಿಗೆಯನ್ನು ತಿರುಗಿ ಅದಕ್ಕೇ ಹಾಕಿದ. ಆಮೇಲೆ, "ಚೌಡ್ಯಾ" ಎಂದ.

"ಹೇಳಪಾ."

"ನಿನಗ ಗೊತ್ತಿತ್ತು."

"ಗೊತ್ತಿತ್ತು" ಎಂದ ಚೌಡಪ್ಪ ಸಾವಧಾನವಾಗಿ. "ಆದ್ರ ಏನ್ ಮಾಡ್ಲಿ? ಹಾವು ಬಂದ್ರೂ ಮಾತಾಡಿಸಬಾರದು ಅಂತ ನೀನ ಆಣಿ ತಗೊಂಡಿದ್ದಿ. ಬಂದಿದ್ದು ಹಾವೂ ಅಲ್ಲ. ಆಣಿ ಮುರದ್ರ ನಾಳೆ ದೇವರ ಮುಂದ ಏನಂತ ನಿಂದರ್ಲಿ? ಈ ಚಾಚಾ ಹೇಳಾಕ ಬಂದ್ರು, ಬೂಟಿನಾವ ಒಬ್ಬ ಬಂದ. ಪುಣ್ಯಾತ್ಮನ ಧ್ಯಾನ ಕೆಡಿಸಬ್ಯಾಡ್ರಿ ಅಂತ ಕೈ ಮುಗದು ಕಳಿಸಿದೆ."

ಬದುವಿನ ಮೇಲೆ ಕೂತಿದ್ದ ಹುಸೇನಸಾಬರು ನಿಟ್ಟುಸಿರು ಬಿಟ್ಟರು. "ತಪ್ಪು ನಂದ ಬೇಟಾ. ಗಾಜು ಹಚ್ಚಿಕೊಳ್ಳೂಕ್ಕಿಂತ ಮೊದಲ, ಗಡಿಯಾರ ಯಾರದಂತ ಚೀಟಿ ಕಟ್ಟಿ ಇಡ್ತಿದ್ದೆ. ಅದನ್ನ ಹೇಳೂದು ಮರ್ತೆ."

ಎರಡೂವರೆಗೆ ಹೊಲದ ದಾರಿಯಲ್ಲಿ ಶಾರವ್ವ ಕಾಣಿಸಿದಳು, ಹಿಂದೆ ತಿಪ್ಪವ್ವ. ಟೆಂಪೋ ನಾಲ್ಕಕ್ಕೆ ಹೊರಡುವುದಿತ್ತು. ಇವರು ಊಟದ ಎಲೆಯಿಂದ ಎದ್ದವರೇ ಬಸ್ಸು ಹಿಡಿದಿದ್ದರು. ಪರಮೇಶಿ ಬದುವಿನ ಮೇಲೆ, ಬೋಳಿಸಿಕೊಳ್ಳಲು ತಯಾರಾದವನಂತೆ, ಮೀಸೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

"ಹದಿನಾಕು ಸಲ ಫೋನ್ ಹಚ್ಚಿದೆ" ಎಂದಳು ಶಾರವ್ವ, ಏದುಸಿರು ಬಿಡುತ್ತ.

ಚೌಡಪ್ಪ ಮೊಬೈಲನ್ನು ತಿರುಗಿ ಕೊಟ್ಟ. "ಸದ್ದು ಬಂದ್ ಮಾಡಿದ್ದೆ ತಂಗಿ. ಅವನ ಮನಸು ಕೆಡಬಾರದಂತ."

ಆಕೆಗೆ ವಿಷಯ ಗೊತ್ತಾದದ್ದು ಹೀಗೆ. ಚೌಡಪ್ಪ ಸುಮ್ಮನೆ ಕೂರಲಾರದೆ ಪರಮೇಶಿಯ ಫೋನಿನಲ್ಲೇ ಅವನ ವಿಡಿಯೋ ಹಿಡಿದು, 'ನೋಡ್ರಿ ನಮ್ಮ ಪರಮೇಶಿಯ ಏಕಾಗ್ರತೆ' ಎಂದು ಓಣಿಯ ಗುಂಪಿಗೆ ಹಾಕಿದ್ದ. ತೊಟ್ಟಿಲ ಮನೆಯಲ್ಲಿ ಅದು ಕೈಯಿಂದ ಕೈಗೆ ಓಡಾಡಿತು. ಯಾರ ಕಡೆಗೂ ನೋಡದೆ ಹೂವಿನಿಂದ ಹೂವಿಗೆ ಸಾಗುವ ಗಂಡನನ್ನು ಕಂಡು ಶಾರವ್ವನಿಗೆ ಕಣ್ಣು ಒದ್ದೆಯಾಗಿತ್ತು. "ನೋಡ್ರೆವಾ, ನಮ್ಮ ಮನಿಯವ್ರನ್ನ" ಎಂದು ಸಂಬಂಧವೇ ಇಲ್ಲದ ಮನೆಯವರಿಗೂ ಕರೆಕರೆದು ತೋರಿಸಿದ್ದಳು. ಅರ್ಧ ತಾಸು ಹೀಗೆ ಮೆರೆದ ಮೇಲೆ, ಎಂಟನೇ ಸಲ ನೋಡುವಾಗ, ಅವನ ಬೆನ್ನ ಹಿಂದೆ ಬಹಳ ದೂರದಲ್ಲಿ ತನ್ನ ಹಸಿರು ಸೀರೆ ಕಂಡಿತ್ತು.

ಶಾರವ್ವ ಈಗ ಸೀದಾ ಚೌಡಪ್ಪನ ಹೊಲಕ್ಕಿಳಿದಳು. ಒಂದು ಹೂವು ತಿರುವಿದಳು, ಇನ್ನೊಂದು. ಸಾಲು ಬದಲಿಸಿ ಮತ್ತೊಂದು. ದಾರದ ಗಂಟು ಎಳೆದು ನೋಡಿದಳು. ಪರಮೇಶಿ ಅವಳ ಕೈಯನ್ನೇ ನೋಡುತ್ತಿದ್ದ. ಐದುನೂರು ಹೂವು ಹೋದದ್ದಕ್ಕಿಂತ ಈಗ ಆಕೆ ಏನು ಹೇಳುತ್ತಾಳೆ ಎನ್ನುವುದೇ ಅವನಿಗೆ ಹೆಚ್ಚಾಗಿತ್ತು.

"ಮೀಸಿ ತೆಗೀಲೇನು?" ಎಂದ ಸಣ್ಣಗೆ.

"ಇರ್ಲಿ ಬಿಡ್ರಿ" ಎಂದಳು ಶಾರವ್ವ. "ಹೂವು ತಪ್ಪಿಲ್ಲ. ಹೊಲ ತಪ್ಪೈತಿ."

ತಿಪ್ಪವ್ವನಿಗೆ ಆ ಹೊತ್ತಿಗೆ ತನ್ನ ಹೊಲದ ಭಾಗ್ಯ ತಿಳಿದು ಮುಖ ಬೆಳಗಿತು. "ಅಣ್ಣಾರ, ನಾಳೆ ಎಷ್ಟೊತ್ತಿಗೆ ಬರ್ತೀರಿ?" ಎಂದು ಕೇಳಿಯೂಬಿಟ್ಟಳು. ಚೌಡಪ್ಪ ನಕ್ಕ ರಭಸಕ್ಕೆ ಅವನ ಸೊಂಟ ನಿಜವಾಗಿಯೂ ಹಿಡಿಯಿತು. ಹುಸೇನಸಾಬರು ಎದ್ದು ಪರಮೇಶಿಯ ಬೆನ್ನ ಮೇಲೆ ಕೈಯಿಟ್ಟರು.

"ಊರ ಮಂದಿ ನಿನಗ ಹೆಸರು ಖರೇನ ಇಟ್ಟಾರ ಬಿಡು ಬೇಟಾ. ಪಾತರಗಿತ್ತಿ ಹೂವು ನೋಡ್ತೈತಿ, ಹೊಲ ಯಾರದಂತ ಕೇಳತೈತೇನು?"

ತೊಳೆದು ಹೋಗಲಿ ಎಂದುಕೊಂಡಿದ್ದ ಹೆಸರು ಇನ್ನು ಈ ಜನ್ಮದಲ್ಲಿ ಹೋಗುವುದಿಲ್ಲ ಎಂದು ಪರಮೇಶಿಗೆ ಗೊತ್ತಾಯಿತು. ಶಾರವ್ವ ಆಗಲೇ ಸೀರೆ ಎತ್ತಿ ಕಟ್ಟಿಕೊಂಡು, ನಾಳೆಯ ಮೊಗ್ಗು ಸುಲಿಯಲು ತನ್ನ ಸಾಲಿನ ಕಡೆ ಹೊರಟಿದ್ದಳು. ಅವನು ಹಿಂದೆ ಹೋಗಿ ಮೆಲ್ಲಗೆ ಕೇಳಿದ.

"ಆದ್ರೂ ಶಾರವ್ವ, ಒಂದೂ ತಪ್ಪಿಲ್ಲಲ್ಲ?"

ಶಾರವ್ವ ತಿರುಗಲಿಲ್ಲ. ತಿರುಗಿದ್ದರೆ ನಗು ಕಾಣುತ್ತಿತ್ತು. "ಇಲ್ರಿ. ಒಂದೂ ತಪ್ಪಿಲ್ಲ. ಈಗ ಮನೀಗೆ ಹೋಗಿ ಚಾ ಮಾಡ್ಕೊಂಡು ಬರ್ರಿ. ನಮ್ಮ ಮನೀಗೆ."

ಪರಮೇಶಿ ಎದೆ ಉಬ್ಬಿಸಿದ. ಅಪ್ಪನ ಹಾಗೆ ಮೀಸೆಯ ಎರಡೂ ತುದಿ ಮೇಲಕ್ಕೆ ತಿರುವಿದ. ಬೇವಿನ ಬುಡಕ್ಕೆ ಬಂದು ಚಪ್ಪಲಿ ಮೆಟ್ಟಿಕೊಂಡು, ಊರೆಲ್ಲ ತನ್ನನ್ನೇ ನೋಡಲಿ ಎನ್ನುವಂತೆ ದಾರಿಯ ನಡುಮಧ್ಯದಲ್ಲಿ ನಡೆದ. ಅವನು ಮೆಟ್ಟಿಕೊಂಡಿದ್ದು ಚೌಡಪ್ಪನ ಚಪ್ಪಲಿ.